ನಮ್ಮ ನಿಮ್ಮಲ್ಲಿ ಪೇಪರ್ ಯಾಕೆ ಸಾರ್?

ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿಯವರೆಗೆ ನಡೆಯುವ ವ್ಯವಹಾರಗಳಿಗೆಲ್ಲ ಗಣಪತಿ ಪೂಜೆಯಾಗುವುದು ಈ ಒಂದು ಮಾತಿನಿಂದ. ಹೇಳುವವನು ನಗುತ್ತಾ, ನಮ್ಮ ಭುಜದ ಮೇಲೊಂದು ಕೈ ಇಟ್ಟು ಹೇಳುತ್ತಾನೆ. ‘ಇಲ್ಲಪ್ಪ, ಪೇಪರ್ ಮಾಡಿಕೊಳ್ಳೋಣ’ ಅನ್ನಲು ನಮಗೆ ನಾಲಿಗೆ ಹೊರಳುವುದಿಲ್ಲ. ಅಂದರೆ ಎದುರಿಗಿರುವವನನ್ನು ಕಳ್ಳ ಅಂದ ಹಾಗಾಗುತ್ತದೆ. ಅನ್ನದಿದ್ದರೆ ಮುಂದೊಂದು ದಿನ ನಾವು ಪೆದ್ದರಾಗುವ ಸಂಭವವಿದೆ. ಮುಜುಗರ ಈಗಿನದು, ಪೆದ್ದತನ ಮುಂದಿನದು. ಆದ್ದರಿಂದ ಎಲ್ಲರೂ ಎರಡನೆಯದನ್ನೇ ಆರಿಸಿಕೊಂಡು ಕಾಫಿ ಹೇಳುತ್ತೇವೆ.

ಬಸವೇಶ್ವರನಗರದ ನಮ್ಮ ಬೀದಿಯನ್ನೇ ನೋಡಿ. ಹಾಲಿನವನ ಜೊತೆ ಒಪ್ಪಂದ ಬಾಯಿಮಾತಿನದು. ಪೇಪರ್ ಹಾಕುವ ಹುಡುಗನದೂ ಅಷ್ಟೇ, ದಿನಾ ಪೇಪರ್ ತರುತ್ತಾನೆ, ಕರಾರಿಗೆ ಮಾತ್ರ ಪೇಪರಿಲ್ಲ. ಇಸ್ತ್ರಿ ಗಾಡಿಯವನು ಬಟ್ಟೆ ಎಣಿಸುವುದು ಗಟ್ಟಿಯಾಗಿ, ಮಹಡಿಯ ಮೇಲಿದ್ದವರಿಗೂ ಕೇಳಿಸುವಂತೆ. ಅದೇ ಅವನ ರಸೀತಿ. ಬ್ಲೌಸ್ ಹೊಲಿಯುವಾಕೆ ‘ಗುರುವಾರ ಬನ್ನಿ ಅಕ್ಕ’ ಅನ್ನುತ್ತಾಳೆ, ಯಾವ ಗುರುವಾರ ಎಂದು ಯಾರೂ ಕೇಳುವುದಿಲ್ಲ. ಮದುವೆಗೆ ಅಡುಗೆಯವರು ಎಲೆಗೆ ಇಷ್ಟು ಅಂತ ಮಾತಾಡಿ, ತಾಂಬೂಲದ ತಟ್ಟೆಯಲ್ಲಿ ನೂರೊಂದು ರೂಪಾಯಿ ಇಸಿದುಕೊಂಡು, ಮುನ್ನೂರು ಜನರ ಊಟದ ಜವಾಬ್ದಾರಿಯನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಇದನ್ನೆಲ್ಲ ಸ್ಟ್ಯಾಂಪ್ ಪೇಪರಿನ ಮೇಲೆ ಬರೆಯಬೇಕೆಂದರೆ ಊರಿನ ನೋಟರಿಗಳಿಗೆ ಸೀಲು ಒತ್ತಿ ಒತ್ತಿ ಕೈ ಬೀಳುತ್ತದೆ.

ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಿದೆ. ದೇಶದ ಮೂಲೆಮೂಲೆಯಿಂದ ಬುದ್ಧಿವಂತ ಮಕ್ಕಳು ಬಂದು ಅಲ್ಲಿ ಕರಾರಿನ ಕಾನೂನು ಓದುತ್ತಾರೆ. ಓದಿ ಸುಸ್ತಾಗಿ ಹೊರಗೆ ಬಂದು ಟೀ ಕುಡಿದು, ‘ಅಣ್ಣಾ, ಆಮೇಲೆ ಕೊಡ್ತೀನಿ’ ಅಂದಾಗ ಅಂಗಡಿಯವನು ತಲೆಯಾಡಿಸಿದರೆ, ಒಳಗೆ ಓದಿದ್ದೆಲ್ಲ ಹೊರಗೆ ಒಂದೇ ಉಸಿರಿನಲ್ಲಿ ನಡೆದುಹೋಯಿತು. ಕೇಳಿಕೆ, ಒಪ್ಪಿಗೆ, ಸರಕು, ಬೆಲೆ, ವಾಯಿದೆ, ಎಲ್ಲವೂ ಬಂತು. ಆ ಅಂಗಡಿಯವನನ್ನು ಕೇಳಿದರೆ ಮಾತ್ರ, ‘ಬಾಯಿಮಾತಿಗೆ ಕೋರ್ಟಲ್ಲಿ ಬೆಲೆ ಇಲ್ಲ ಸಾರ್’ ಅಂತಲೇ ಹೇಳುತ್ತಾನೆ. ಅವನೊಬ್ಬನೇ ಅಲ್ಲ, ಜಗಲಿಯ ಮೇಲೆ ಕೂತ ಪ್ರತಿಯೊಬ್ಬರೂ ಹೇಳುತ್ತಾರೆ. ಅದೂ ಹೈಕೋರ್ಟಿನಿಂದ ಈಗಷ್ಟೇ ಬಂದವರ ಗತ್ತಿನಲ್ಲಿ.

ನಾನು ವಕೀಲನಲ್ಲ. ವಕೀಲರೊಬ್ಬರ ಮಹಡಿಯ ಮೇಲೆ ಬಹಳ ವರ್ಷ ಬಾಡಿಗೆಗಿದ್ದವನು, ಅಷ್ಟೇ. ಅವರು ಸಂಜೆ ಗೇಟಿನ ಬಳಿ ನಿಂತು ಹೇಳುತ್ತಿದ್ದುದನ್ನು ಕೇಳಿ ಕೇಳಿ ನನಗೆ ಒಂದಿಷ್ಟು ಕಾನೂನು ಅಂಟಿಕೊಂಡಿದೆ. ಅವರ ಪ್ರಕಾರ ಈ ಜಗಲಿ ತೀರ್ಪು ಪೂರ್ತಿ ತಪ್ಪು. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಸೆಕ್ಷನ್ ನಿಮ್ಮನ್ನು ಕೇಳುವುದು ಕೆಲವೇ ಪ್ರಶ್ನೆ. ಇಬ್ಬರೂ ಪ್ರಾಯಕ್ಕೆ ಬಂದವರೇ? ತಲೆ ನೆಟ್ಟಗಿದೆಯೇ? ಸ್ವಂತ ಮನಸ್ಸಿನಿಂದ ಒಪ್ಪಿದರೇ? ಒಬ್ಬ ಕೊಟ್ಟಿದ್ದಕ್ಕೆ ಪ್ರತಿಯಾಗಿ ಇನ್ನೊಬ್ಬನಿಂದ ಏನಾದರೂ ಉಂಟೇ? ಮಾಡಲು ಹೊರಟಿರುವುದು ಕಾನೂನಿಗೆ ಒಪ್ಪುವ ಕೆಲಸವೇ? ಬೇರೆ ಯಾವುದಾದರೂ ಕಾನೂನು ಬರಹ ಬೇಕೇಬೇಕು ಅಂದಿದ್ದರೆ ಸರಿ, ಇಲ್ಲದಿದ್ದರೆ ಈ ಸೆಕ್ಷನ್ ಕಾಗದದ ಸುದ್ದಿಯನ್ನೇ ಎತ್ತುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯಂತೂ ವ್ಯಾಪಾರ ಬರಹದಲ್ಲಿರಬಹುದು, ಬಾಯಿಮಾತಿನಲ್ಲಿರಬಹುದು, ಅರ್ಧ ಅದು ಅರ್ಧ ಇದು ಆಗಿರಬಹುದು ಎಂದು ಬಾಯಿಬಿಟ್ಟೇ ಹೇಳುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಇಬ್ಬರು ಸ್ನೇಹಿತರು ನವರಂಗ್ ಹತ್ತಿರ ನಿಂತು ‘ಆಗಲಿ, ಅರ್ಧ ಅರ್ಧ’ ಅಂದುಕೊಂಡು ಅಂಗಡಿ ತೆರೆದರೂ ಅವರು ಪಾಲುದಾರರೇ. ಆದರೆ ನೋಂದಣಿ ಮಾಡಿಸದಿದ್ದರೆ ಆ ಅಂಗಡಿಯ ಹೆಸರಿನಲ್ಲಿ ಬಾಕಿದಾರರ ಮೇಲೆ ದಾವೆ ಹೂಡಲು ಆಗುವುದಿಲ್ಲ. ಪಾಲುದಾರರಾಗಲು ಅಡ್ಡಿಯಿಲ್ಲ, ಜಗಳವಾಡಲು ಮಾತ್ರ ಲೈಸೆನ್ಸ್ ಬೇಕು.

ಇದರಲ್ಲೆಲ್ಲ ನನಗೆ ಮೈ ಜುಮ್ಮೆನಿಸಿದ್ದು ಕರಾರು ಕಾಯ್ದೆಯ 126ನೇ ಸೆಕ್ಷನ್. ಜಾಮೀನು ಬಾಯಿಮಾತಿನದಾಗಿರಬಹುದು, ಬರಹದ್ದಾಗಿರಬಹುದು ಎಂದು ಅಲ್ಲಿದೆ. ಇಂಗ್ಲೆಂಡಿನವರು 1677ರಲ್ಲೇ ಮೋಸ ತಡೆಯಲೆಂದು ಕಾಯ್ದೆ ತಂದು, ಇನ್ನೊಬ್ಬರ ಸಾಲಕ್ಕೆ ಹೊಣೆ ನಿಲ್ಲುವುದಾದರೆ ಬರೆದು ಸಹಿ ಹಾಕಿರಲೇಬೇಕು ಎಂದು ವಿಧಿಸಿದರು. ಆ ಭಾಗ ಅಲ್ಲಿ ಇಂದಿಗೂ ಜಾರಿಯಲ್ಲಿದೆ. ಅದೇ ಜನ ಸುಮಾರು ಇನ್ನೂರು ವರ್ಷ ಕಳೆದು ನಮಗೆ ಕಾಯ್ದೆ ಬರೆಯುವಾಗ ಬಾಯಿಮಾತೂ ಆದೀತು ಅಂದುಬಿಟ್ಟರು. ತಮ್ಮ ಊರಿನವರ ಮೇಲಿಲ್ಲದ ನಂಬಿಕೆಯನ್ನು ನಮ್ಮ ಮೇಲೆ ಇಟ್ಟರಲ್ಲ ಎಂದು ಹೆಮ್ಮೆಪಡುವ ಮೊದಲು ನಮ್ಮ ಮನೆಗಳಲ್ಲಿ ಜಾಮೀನು ಹುಟ್ಟುವ ರೀತಿಯನ್ನು ನೆನೆಸಿಕೊಳ್ಳಬೇಕು. ಷಡ್ಡಕನಿಗೆ ಯಾರೋ ಸಾಲ ಕೊಡುತ್ತಿದ್ದಾರೆ. ಕೊಡುವವರಿಗೆ ಅನುಮಾನ. ನಾವು ಪಕ್ಕದಲ್ಲಿ ಕೂತು ಕೇಸರಿಬಾತು ತಿನ್ನುತ್ತಿದ್ದೇವೆ. ಬಾಯಿ ಸಿಹಿಯಾಗಿದೆ. ‘ಏ, ಕೊಡ್ರೀ, ನಾನಿದ್ದೀನಲ್ಲ!’ ಅಷ್ಟೇ. ಆ ಧೈರ್ಯದ ಮೇಲೆ ಅವರು ಸಾಲ ಕೊಟ್ಟಿದ್ದರೆ, ನಾವು ಹೊಣೆ ನಿಂತೆವು ಎಂದು ವಾದಿಸುವುದಕ್ಕೆ ಒಬ್ಬ ವಕೀಲರಿಗೆ ದಾರಿ ತೆರೆದುಕೊಟ್ಟಂತಾಯಿತು. ಕೇಸರಿಬಾತು ತಿನ್ನುವಾಗ ಮಾತಾಡಬಾರದು ಎಂದು ಹಿರಿಯರು ಸುಮ್ಮನೆ ಹೇಳಿರಲಾರರು.

ಹಾಗಂತ ಹೋಟೆಲಿನಲ್ಲಿ ಆಡಿದ ಮಾತೆಲ್ಲ ಕರಾರಾಗುವುದಿಲ್ಲ. ಲಂಡನ್ನಿನಲ್ಲಿ ಇದಕ್ಕೊಂದು ಸೊಗಸಾದ ಮೊಕದ್ದಮೆ ನಡೆಯಿತು. ಸ್ಪೋರ್ಟ್ಸ್ ಡೈರೆಕ್ಟ್ ಎಂಬ ದೊಡ್ಡ ಕಂಪನಿಯ ಒಡೆಯ ಮೈಕ್ ಆಶ್ಲಿ 2013ರ ಜನವರಿಯಲ್ಲಿ ‘ಹಾರ್ಸ್ ಅಂಡ್ ಗ್ರೂಮ್’ ಎಂಬ ಪಬ್ಬಿನಲ್ಲಿ ಕೂತು ಕುಡಿಯುತ್ತಾ, ಕಂಪನಿಯ ಷೇರಿನ ಬೆಲೆ 8 ಪೌಂಡಿಗೆ ಏರಿಸಿಕೊಟ್ಟರೆ ನಿನಗೆ ಒಂದೂವರೆ ಕೋಟಿ ಪೌಂಡ್ ಕೊಡುತ್ತೇನೆ ಎಂದು ಜೆಫ್ರಿ ಬ್ಲೂ ಎಂಬ ಹಣಕಾಸು ತಜ್ಞನಿಗೆ ಹೇಳಿದನಂತೆ. ಷೇರು ನಿಜವಾಗಿಯೂ ಏರಿತು. ಬ್ಲೂ ದಾವೆ ಹೂಡಿದ. 2017ರಲ್ಲಿ ನ್ಯಾಯಮೂರ್ತಿ ಲೆಗ್ಗಟ್ ಅವರು, ಆ ಸಂಜೆ ಆ ಮೇಜಿನ ಸುತ್ತ ಇದ್ದ ಯಾರೂ ಇದನ್ನು ಗಂಭೀರವಾಗಿ ತೆಗೆದುಕೊಂಡಿರಲು ಸಾಧ್ಯವಿಲ್ಲ ಎಂದು ದಾವೆ ವಜಾ ಮಾಡಿದರು. ಮಾತಿಗೆ ಕಟ್ಟುಬೀಳುವ ಉದ್ದೇಶ ಇತ್ತೇ ಇಲ್ಲವೇ ಎಂಬುದೇ ಮುಖ್ಯ. ಪಬ್ಬಿನಲ್ಲಿ ಆಡಿದ್ದಕ್ಕೆ ಈ ರಿಯಾಯಿತಿ ಸಿಕ್ಕಿದೆ, ದರ್ಶಿನಿಯಲ್ಲಿ ಬೈಟು ಕಾಫಿ ಕುಡಿಯುತ್ತಾ ಆಡಿದ್ದಕ್ಕೆ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಕಾಫಿ ಕುಡಿದವನಿಗೆ ಮತ್ತೇರಿತ್ತು ಎಂದರೆ ಯಾವ ನ್ಯಾಯಾಧೀಶರು ನಂಬುತ್ತಾರೆ?

ಬಾಜಿಯ ಕಥೆ ಬೇರೆ. ಆರ್‌ಸಿಬಿ ಕಪ್ ಗೆದ್ದರೆ ಇಡೀ ಬೀದಿಗೆ ಹೋಳಿಗೆ ಊಟ ಹಾಕಿಸುತ್ತೇನೆಂದು ವರ್ಷ ವರ್ಷವೂ ಧೈರ್ಯವಾಗಿ ಪಂಥ ಕಟ್ಟುತ್ತಿದ್ದ ಮಹನೀಯರೊಬ್ಬರು ನಮ್ಮಲ್ಲಿದ್ದಾರೆ. 2025ರ ಜೂನ್ 3ರಂದು ಅವರ ಗ್ರಹಚಾರ ಕೆಟ್ಟಿತು. ಮಾರನೆಯ ದಿನವೇ ವಕೀಲರ ಮನೆಗೆ ಬಂದು 30ನೇ ಸೆಕ್ಷನ್ ಕೇಳಿ ತಿಳಿದುಕೊಂಡರು. ಬಾಜಿಯ ಒಪ್ಪಂದ ಅಸಿಂಧು, ಅದರ ಮೇಲೆ ದಾವೆ ನಡೆಯುವುದಿಲ್ಲ. ಹೋಳಿಗೆ ಇನ್ನೂ ಬಂದಿಲ್ಲ.

ಮಾತಿಗೆ ತಪ್ಪದವರ ವಿಷಯ ಬಂದರೆ ಕನ್ನಡಿಗರು ಮೊದಲು ನೆನೆಯುವುದು ಪುಣ್ಯಕೋಟಿಯನ್ನು. ನಮ್ಮ ವಕೀಲರು ಒಂದು ಸಂಜೆ ಆ ಕರಾರನ್ನು ಬಿಡಿಸಿಟ್ಟರು. ಹುಲಿ ಎದುರು ನಿಂತು ತಿನ್ನುತ್ತೇನೆ ಎಂದಾಗ ಕೊಟ್ಟ ಮಾತು ಅದು. ಅಲ್ಲಿ ಸ್ವಂತ ಮನಸ್ಸಿನ ಒಪ್ಪಿಗೆ ಎಲ್ಲಿಂದ ಬಂತು? ಬೆದರಿಕೆಯಿಂದ ಪಡೆದ ಮಾತನ್ನು ಕೊಟ್ಟವರೇ ರದ್ದುಗೊಳಿಸಬಹುದು, 19ನೇ ಸೆಕ್ಷನ್. ಕರುವಿಗೆ ಹಾಲು ಕುಡಿಸಿ, ದೊಡ್ಡಿಯಲ್ಲೇ ಇದ್ದು, ಒಂದು ನೋಟಿಸು ಕಳಿಸಿದ್ದರೆ ಸಾಕಾಗಿತ್ತು. ಅವರ ಹೆಂಡತಿ ಒಳಗಿನಿಂದ, ‘ಮಕ್ಕಳ ಎದುರಿಗೆ ಇಂಥಾ ಮಾತಾಡಬೇಡಿ’ ಎಂದು ಕೂಗಿದರು. ಗಾಯತ್ರಿನಗರದ ಆಚೆ ಹರಿಶ್ಚಂದ್ರ ಘಾಟ್ ಇದೆಯಲ್ಲ, ಆ ಹೆಸರಿನ ರಾಜನ ಬಗ್ಗೆಯೂ ವಕೀಲರಿಗೊಂದು ಅಭಿಪ್ರಾಯವಿತ್ತು. ಸ್ಥಿರಾಸ್ತಿ ದಾನ ಮಾಡಲು ನೋಂದಾಯಿತ ಪತ್ರ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಇಡೀ ರಾಜ್ಯವನ್ನು ಬಾಯಿಮಾತಿನಲ್ಲಿ ಕೊಟ್ಟರೆ ಸಬ್ ರಿಜಿಸ್ಟ್ರಾರ್ ಒಪ್ಪುತ್ತಾರೆಯೇ?

ಅವರು ತಮಾಷೆಗೆ ಹೇಳಿದರೂ ಕಾನೂನು ಬಾಯಿಯನ್ನು ನಂಬದಿರುವುದು ಸರಿಯಾಗಿ ಅಲ್ಲೇ, ಮಣ್ಣಿನ ವಿಷಯದಲ್ಲಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಆ 100 ರೂಪಾಯಿ ಇಂದಿಗೂ 100 ರೂಪಾಯಿಯೇ. ವಿಜಯನಗರದಲ್ಲಿ ಆ ದುಡ್ಡಿಗೆ ಎಷ್ಟು ಜಾಗ ಬರುತ್ತದೆಂದು ಲೆಕ್ಕ ಹಾಕಲು ಸ್ಕೇಲು ಸಾಲದು, ಸೂಜಿ ಬೇಕು. ಆದರೆ ಮಾರಾಟ ಬೇರೆ, ಮಾರುತ್ತೇನೆ ಎಂಬ ಕರಾರು ಬೇರೆ. ಸುಗ್ರಾ ಬೇಗಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ, ಮಾರುವ ಕರಾರು ಬಾಯಿಮಾತಿನದಾದರೂ ನಡೆಯುತ್ತದೆ, ಆದರೆ ಹಾಗೆಂದು ಸಾಧಿಸುವ ಭಾರ ಹೇಳಿದವನ ತಲೆಯ ಮೇಲೆ ಬಹಳ ಹೆಚ್ಚು ಎಂದಿತು. ಎಲೆ ಅಡಿಕೆಯ ಮೇಲೆ ಟೋಕನ್ ಇಟ್ಟು ಸೈಟು ನನ್ನದಾಯಿತು ಎಂದು ಮಗಳಿಗೆ ಫೋನ್ ಮಾಡುವವರು ಈ ‘ಆದರೆ’ಯನ್ನು ಮರೆಯಬಾರದು.

ಬಾಡಿಗೆಯಲ್ಲಿ ಕಾನೂನು ಉದಾರಿ. ವರ್ಷ ದಾಟಿದ ಗುತ್ತಿಗೆಗೆ ನೋಂದಣಿ ಬೇಕು. ತಿಂಗಳ ಬಾಡಿಗೆಯಾದರೆ ಸಾಮಾನ್ಯವಾಗಿ ಮಾತಾಡಿ ಬೀಗದ ಕೈ ಕೊಟ್ಟರೂ ಆಯಿತು. ನಮ್ಮ ಊರಿನ ಪ್ರಸಿದ್ಧ ಹನ್ನೊಂದು ತಿಂಗಳ ಅಗ್ರಿಮೆಂಟ್ ಹುಟ್ಟಿದ್ದು ಆ ಒಂದು ವರ್ಷದ ಗೆರೆಯನ್ನು ತಪ್ಪಿಸಿಕೊಳ್ಳಲು. ಅಗ್ರಿಮೆಂಟಿನಲ್ಲಿ ಏನೇ ಇರಲಿ, ನಿಜವಾದ ಷರತ್ತುಗಳು ಬಾಯಿಮಾತಿನವೇ: ಮೇಲೆ ಒಣಮೆಣಸಿನಕಾಯಿ ಒಣಗಿಸಬಹುದು, ನೆಂಟರು ಬಂದರೆ ಸಂಪಿನ ನೀರು ನೋಡಿ ಬಳಸಬೇಕು, ಬಿಟ್ಟು ಹೋಗುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ. ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಟ್ಟು ಬರೀ ನೋಟರಿ ಸೀಲಿನ ಕಾಗದ ಇಟ್ಟುಕೊಂಡು ನಿಶ್ಚಿಂತೆಯಿಂದ ಮಲಗುವವರಿಗೆ ಮಾತ್ರ ಒಂದು ಮಾತು. ಭೋಗ್ಯ ಎಂದರೆ ಅಡಮಾನ, ಅದಕ್ಕೂ ಅದೇ 100 ರೂಪಾಯಿಯ ನಿಯಮ, ನೋಂದಣಿ ಬೇಕು.

ಈಗ ಕಾಮಾಕ್ಷಿಪಾಳ್ಯಕ್ಕೆ ಹೋಗೋಣ. ಬಾಯಿಮಾತು ಅನ್ನದ ಮೂಲವಾಗಿರುವುದು ಅಲ್ಲಿ. ರಾಜಾಜಿನಗರ ಕೈಗಾರಿಕಾ ಪ್ರದೇಶ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಆಚೆಗೆ ಪೀಣ್ಯ, ಈ ಹಾದಿಯ ಒಳರಸ್ತೆಗಳಲ್ಲಿ ಲೇತ್, ಪ್ಲೇಟಿಂಗ್, ಪೌಡರ್ ಕೋಟಿಂಗ್ ಎಂದು ಸಣ್ಣ ಸಣ್ಣ ಷೆಡ್ಡುಗಳು ಒತ್ತೊತ್ತಾಗಿ ಕೂತಿವೆ. ನಮ್ಮ ಭಾವನ ಷೆಡ್ಡೂ ಅಲ್ಲೇ. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ನೆಲದ ತುಂಬ ಸುರುಳಿ ಸುರುಳಿ ಕಬ್ಬಿಣದ ಚೂರು, ಹೋದ ಆಯುಧಪೂಜೆಯ ಕುಂಕುಮ ಇನ್ನೂ ಮೆಷಿನ್ನಿನ ಹಣೆಯ ಮೇಲೆ. ಗೋಡೆಗೆ ಒಂದು ಪಂಚಾಂಗದ ಕ್ಯಾಲೆಂಡರ್. ಅದರಲ್ಲಿ ರಾಹುಕಾಲದ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ‘ಬುಷ್ 200 ಸೋಮ’ ಎಂದು ಬರೆದಿರುತ್ತದೆ. ಅದು ಅವನ ಆರ್ಡರ್ ಪುಸ್ತಕ. ಆರ್ಡರ್ ಬರುವುದು ಹೀಗೆ:

‘ಅಣ್ಣಾ, ಹೋದ್ಸಲ ಕೊಟ್ಟಿದ್ರಲ್ಲ ಬುಷ್ಷು, ಅದೇ ಇನ್ನೂರು ಬೇಕು.’

‘ಯಾವಾಗ ಬೇಕು?’

‘ನಿನ್ನೆ.’

‘ಸೋಮವಾರ ಕೊಡ್ತೀನಿ. ಮೆಟೀರಿಯಲ್ ಏರಿದೆ, ಪೀಸಿಗೆ ಎರಡ್ರೂಪಾಯಿ ಜಾಸ್ತಿ ಆಗುತ್ತೆ.’

‘ಆಯ್ತು ಬಿಡಿ, ನೋಡೋಣ.’

ಫೋನ್ ಇಟ್ಟ ಮೇಲೆ ಭಾವ ರಾಡು ತಂದು ಚಕ್ಕಿಗೆ ಸಿಕ್ಕಿಸುತ್ತಾನೆ. ಒಪ್ಪಿಗೆ ಯಾವ ಹೆಚ್ಚು ಕಡಿಮೆಯೂ ಇಲ್ಲದೆ ಪೂರ್ತಿಯಾಗಿರಬೇಕು ಎನ್ನುತ್ತದೆ ಕರಾರು ಕಾಯ್ದೆಯ 7ನೇ ಸೆಕ್ಷನ್. ‘ಆಯ್ತು ಬಿಡಿ, ನೋಡೋಣ’ ಎಂಬುದು ಪೂರ್ತಿ ಒಪ್ಪಿಗೆಯೇ, ಅರ್ಧವೇ, ಎರಡು ರೂಪಾಯಿಗೆ ಇಲ್ಲವೆಂದೇ? ಇದನ್ನು ವಕೀಲರ ಮುಂದಿಟ್ಟೆ. ಅವರು ನಕ್ಕು, ‘ಮಾಲು ತಗೊಂಡು ವಾಪಸ್ ಕಳಿಸದೇ ಇದ್ದರೆ ಒಪ್ಪಿದ ಹಾಗೇ ಬರೆದುಕೋ’ ಅಂದರು. ಆದ್ದರಿಂದ ಭಾವನ ಪಾಲಿಗೆ ಫೋನಿಗಿಂತ ದೊಡ್ಡದು ಡಿಸಿ ಪುಸ್ತಕ, ಅಂದರೆ ಡೆಲಿವರಿ ಚಲನ್. ಬಿಳಿ, ಗುಲಾಬಿ, ಹಳದಿ ಹಾಳೆ. ನಡುವೆ ಬೆರಳಿಗೆ ನೀಲಿ ಹತ್ತುವ ಕಾರ್ಬನ್. ಕಂಪನಿಯ ಗೇಟಿನಲ್ಲಿ ಸೆಕ್ಯೂರಿಟಿಯವನು ಮೂರನೆಯ ಹಾಳೆಯ ಮೂಲೆಯಲ್ಲಿ ಎರೆಹುಳದಂಥ ಒಂದು ಸಹಿ ಗೀಚಿ ಸೀಲು ಒತ್ತುತ್ತಾನೆ. ಇನ್ನೂರು ಬುಷ್ಷಿನ ಬಾಯಿಮಾತಿನ ಕರಾರಿಗೆ ಲೋಕದಲ್ಲಿರುವ ಒಂದೇ ಸಾಕ್ಷಿ ಆ ಎರೆಹುಳ. ಭಾವ ಅದನ್ನು ಮನೆಯಲ್ಲಿ ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿ, ಎಲ್‌ಐಸಿ ಬಾಂಡಿನ ಜೊತೆ ಇಡುತ್ತಾನೆ.

ಇಂಥವರಿಗೆ 2006ರಲ್ಲಿ ಬಂದ ಎಂಎಸ್‌ಎಂಇ ಕಾಯ್ದೆಯಲ್ಲಿ ಒಂದು ಗುಟ್ಟಿದೆ. ಅದು ಕಾಮಾಕ್ಷಿಪಾಳ್ಯದ ಎಷ್ಟು ಷೆಡ್ಡುಗಳಿಗೆ ಗೊತ್ತೋ ಕಾಣೆ. ಸಣ್ಣ ಉದ್ಯಮದವನಿಂದ ಮಾಲು ಕೊಂಡವನು ಹಣ ಕೊಡುವ ದಿನವನ್ನು ಬರಹದಲ್ಲಿ ಒಪ್ಪಿಕೊಂಡಿದ್ದರೆ ಆ ದಿನದೊಳಗೆ ಕೊಡಬೇಕು, ಅದೂ 45 ದಿನ ಮೀರುವಂತಿಲ್ಲ. ಬರಹವೇ ಇಲ್ಲದಿದ್ದರೆ? ಆಗ 15 ದಿನ, ಅಷ್ಟೇ. ಅಂದರೆ ‘ನಮ್ಮ ನಿಮ್ಮಲ್ಲಿ ಪೇಪರ್ ಯಾಕೆ’ ಎಂದ ದೊಡ್ಡ ಕಂಪನಿಯ ಪರ್ಚೇಸ್ ಮ್ಯಾನೇಜರ್ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಂತಾಯಿತು. ಒಂದು ಪೇಪರ್ ಮಾಡಿದ್ದರೆ ಅವನಿಗೆ ಇನ್ನೂ 30 ದಿನ ಸಿಗುತ್ತಿತ್ತು. ಇನ್ನೊಂದು ಸ್ವಾರಸ್ಯ ನೋಡಿ. ಆರ್ಡರ್ ಬಾಯಲ್ಲಿ ಕೊಡಬಹುದು, ಆದರೆ ‘ಮಾಲು ಸರಿಯಿಲ್ಲ’ ಎಂಬ ತಕರಾರನ್ನು ಬರಹದಲ್ಲೇ, ಮಾಲು ಮುಟ್ಟಿದ 15 ದಿನದೊಳಗೆ ಹೇಳಬೇಕು. ಹೇಳದಿದ್ದರೆ ಮಾಲು ಮುಟ್ಟಿದ ದಿನವೇ ಒಪ್ಪಿಕೊಂಡ ಲೆಕ್ಕ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಮೀಟರ್ ಬಡ್ಡಿಯವರೂ ಒಮ್ಮೆ ತಿರುಗಿ ನೋಡಬೇಕಾದ ಲೆಕ್ಕ ಅದು.

ಸಾಲದ್ದಕ್ಕೆ 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ 43ಬಿ ಸೆಕ್ಷನ್ನಿಗೆ ಒಂದು ಬಾಲ ಸೇರಿಸಿತು: ಸಣ್ಣವರಿಗೆ ಈ ಗಡುವಿನೊಳಗೆ ಹಣ ಕೊಡದಿದ್ದರೆ, ನಿಜವಾಗಿ ಕೊಡುವ ವರ್ಷದವರೆಗೆ ಅದನ್ನು ಖರ್ಚೆಂದು ತೋರಿಸುವಂತಿಲ್ಲ. 2024ರ ಮಾರ್ಚ್ ತಿಂಗಳಲ್ಲಿ ಭಾವನ ಫೋನನ್ನು ಎಂದೂ ಎತ್ತದ ಕಂಪನಿಯೊಂದರಿಂದ ಅವನಿಗೇ ಫೋನ್ ಬಂತು. ‘ಅಣ್ಣಾ, ನಿಮ್ಮ ಬಾಕಿ ಎಷ್ಟಿದೆ?’ ಭಾವ ಅದನ್ನು ಕೇಳಿ ಗಾಬರಿಯಾಗಿ, ಯಾರೋ ಸೈಬರ್ ಕಳ್ಳರು ಇರಬೇಕು ಎಂದು ಫೋನ್ ಕಟ್ ಮಾಡಿದ. ಈ ಅನುಕೂಲವೆಲ್ಲ ಸಿಗಲು ಉದ್ಯಮ್ ನೋಂದಣಿ ಇರಬೇಕು. ಅದು ಆನ್‌ಲೈನಿನಲ್ಲಿ, ಪುಕ್ಕಟೆ. ಭಾವ ಮಾಡಿಸಿದ್ದಾನೆ, ಆದರೆ ಸರ್ಕಾರದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಒಂದು ದೂರು ಕೊಡು ಎಂದರೆ, ‘ದೂರು ಕೊಟ್ಟರೆ ಮುಂದಿನ ಆರ್ಡರ್ ಯಾರು ಕೊಡ್ತಾರೆ?’ ಅನ್ನುತ್ತಾನೆ. ಕಾನೂನಿನ ಯಾವ ಸೆಕ್ಷನ್ನಿನಲ್ಲೂ ಈ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಲೇತಿನವರಿಗಿಂತ ಬಾಯಿ ಚುರುಕಾಗಿರುವವರು ಮನೆ ಕಟ್ಟುವ ಮೇಸ್ತ್ರಿಗಳು. ಚದರಕ್ಕೆ ಇಷ್ಟು ಎಂದು ಒಂದೇ ಅಂಕಿ ಹೇಳುತ್ತಾರೆ. ಆ ಅಂಕಿಯೊಳಗೆ ಏನೇನಿದೆ ಎಂಬುದು ಪಾಯ ತೆಗೆದ ಮೇಲೆ ಒಂದೊಂದಾಗಿ ಗೊತ್ತಾಗುತ್ತದೆ. ‘ಸಂಪು ಅದರಲ್ಲಿ ಬರಲ್ಲ ಸಾರ್.’ ‘ಸಜ್ಜಾ ಎಕ್ಸ್ಟ್ರಾ.’ ‘ಪ್ಯಾರಾಪೆಟ್ಟಾ? ಅದು ಮನೆಯ ಹೊರಗಡೆ ಅಲ್ವಾ ಸಾರ್?’ ನಾವು ಒಪ್ಪಿದ್ದು ‘ಒಳ್ಳೇ ಟೈಲ್ಸ್’ ಎಂದು. ಅವನ ಒಳ್ಳೆಯದು ಬೇರೆ, ನಮ್ಮ ಒಳ್ಳೆಯದು ಬೇರೆ, ನಮ್ಮ ಮನೆಯವಳ ಒಳ್ಳೆಯದಂತೂ ಟೈಲ್ಸ್ ಅಂಗಡಿಯವನಿಗೇ ಗೊತ್ತಿಲ್ಲ. ಅರ್ಥ ಖಚಿತವಲ್ಲದ, ಖಚಿತಪಡಿಸಲೂ ಆಗದ ಒಪ್ಪಂದ ಅಸಿಂಧು ಎನ್ನುತ್ತದೆ ಕರಾರು ಕಾಯ್ದೆಯ 29ನೇ ಸೆಕ್ಷನ್. ಕಾಯ್ದೆಯೇ ಕೊಟ್ಟಿರುವ ಉದಾಹರಣೆ ಚೆನ್ನಾಗಿದೆ: ಒಬ್ಬ ಬರೀ ‘ನೂರು ಟನ್ ಎಣ್ಣೆ’ ಮಾರುತ್ತೇನೆ ಎಂದರೆ ಯಾವ ಎಣ್ಣೆ ಎಂದು ಗೊತ್ತಾಗದೆ ಕರಾರು ಬಿದ್ದುಹೋಗುತ್ತದೆ, ಆದರೆ ಅವನು ಕೊಬ್ಬರಿ ಎಣ್ಣೆಯನ್ನು ಮಾತ್ರ ಮಾರುವವನಾದರೆ ಕೊಬ್ಬರಿ ಎಣ್ಣೆ ಎಂದೇ ಅರ್ಥ, ಕರಾರು ನಿಲ್ಲುತ್ತದೆ. ಮೇಸ್ತ್ರಿಯ ಹಿಂದಿನ ನಾಲ್ಕು ಮನೆಗಳನ್ನು ನೋಡಿ ಬನ್ನಿ ಎಂದು ಹಳಬರು ಹೇಳುವುದರಲ್ಲಿ ಇದೇ ತರ್ಕ ಅಡಗಿದೆ. ಇನ್ನು, ನೀವು ಹೇಳದೆಯೇ ಅವನು ಪ್ಯಾರಾಪೆಟ್ ಕಟ್ಟಿಬಿಟ್ಟ, ನೀವು ಅದರ ಮೇಲೆ ತುಳಸಿ ಕುಂಡ ಇಟ್ಟು ಸುಖಪಟ್ಟಿರಿ ಅನ್ನೋಣ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬ ಮಾಡಿದ ಕೆಲಸದ ಲಾಭ ಪಡೆದವನು ಅದಕ್ಕೆ ತಕ್ಕ ಹಣ ಕೊಡಬೇಕೆಂದು 70ನೇ ಸೆಕ್ಷನ್ ಹೇಳುತ್ತದೆ. ಕರಾರೇ ಇಲ್ಲದಿದ್ದರೂ ಬಿಲ್ಲು ಬರುತ್ತದೆ.

ಹೀಗೆ ಬಾಯಿಮಾತಿಗೆ ಬೆಲೆ ಉಂಟು. ಕಷ್ಟ ಇರುವುದು ಆ ಮಾತು ಏನಾಗಿತ್ತು ಎಂದು ತೋರಿಸುವುದರಲ್ಲಿ. ಇದು ಹೊಸ ತಲೆನೋವಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಯನ್ನು ವಿವರಿಸುತ್ತಾ, ವ್ಯವಹಾರದಲ್ಲಿ ಮೂರು ಪ್ರಮಾಣಗಳನ್ನು ಚರ್ಚಿಸುತ್ತದೆ: ಬರಹ, ಅನುಭೋಗ, ಸಾಕ್ಷಿ. ಮೂರೂ ಇಲ್ಲದಿದ್ದರೆ ದಿವ್ಯ, ಅಂದರೆ ಬೆಂಕಿ ನೀರಿನ ಪರೀಕ್ಷೆ. ಈಗ ಬೆಂಕಿಯಿಲ್ಲ, ಪಾಟೀಸವಾಲಿದೆ. ಆರು ವರ್ಷದ ಹಿಂದೆ ವಿಜಯನಗರದ ಮಾರುತಿ ಮಂದಿರದ ಎದುರು ಇಬ್ಬರು ಆಡಿದ ಮಾತಿಗೆ ಸಾಕ್ಷಿಯಾಗಿ ಬಂದವನನ್ನು, ಅಂದು ಪ್ರತಿವಾದಿ ಹಾಕಿಕೊಂಡಿದ್ದ ಷರ್ಟಿನ ಬಣ್ಣ ಯಾವುದು ಎಂದು ಕೇಳುತ್ತಾರೆ. ಹೇಳಿದರೆ ಪಾಠ ಹೇಳಿಸಿಕೊಂಡು ಬಂದವನು, ಹೇಳದಿದ್ದರೆ ಅಲ್ಲಿ ಇರಲೇ ಇಲ್ಲದವನು.

ಹಿಂದಿನವರು ಸಾಕ್ಷಿಯನ್ನು ಬೇಕೆಂದೇ ತಪ್ಪಿಸುತ್ತಿದ್ದದ್ದೂ ಉಂಟು. ಘಾಟಿ ಸುಬ್ರಹ್ಮಣ್ಯದಂಥ ದನದ ಜಾತ್ರೆಗಳಲ್ಲಿ ದಲ್ಲಾಳಿ ಮತ್ತು ರೈತ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಮಾತೂ ಇಲ್ಲ, ಬರಹವೂ ಇಲ್ಲ, ಪಕ್ಕದಲ್ಲಿ ನಿಂತವನಿಗೆ ಬೆಲೆಯೂ ತಿಳಿಯುವುದಿಲ್ಲ. ಆಮೇಲೆ ಎತ್ತಿನ ಹಗ್ಗ ಕೈ ಬದಲಾಗುತ್ತದೆ. ಆಡದ ಮಾತೂ ಕರಾರಾಗಬಹುದು ಎನ್ನುವ ಕರಾರು ಕಾಯ್ದೆಯ 9ನೇ ಸೆಕ್ಷನ್ನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಕಾಯ್ದೆ ಬರೆದವರು ಕಂಡಿರಲಾರರು.

ಈಗ ಟವೆಲ್ಲಿನ ಜಾಗಕ್ಕೆ ವಾಟ್ಸಾಪ್ ಬಂದಿದೆ. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು ರೈತನಿಗೆ ಅಗಸೆ ಬೀಜದ ಕರಾರಿನ ಫೋಟೋ ಕಳಿಸಿ ಖಚಿತಪಡಿಸಿ ಎಂದು ಕೇಳಿತು. ಅವನು ಹೆಬ್ಬೆಟ್ಟಿನ ಚಿತ್ರ ಒತ್ತಿದ. ಮಾಲು ಕೊಡಲಿಲ್ಲ. ಕರಾರು ನೋಡಿದೆ ಎಂದಷ್ಟೇ ನನ್ನ ಅರ್ಥ ಎಂದ. 2023ರಲ್ಲಿ ನ್ಯಾಯಾಲಯ ಆ ಹೆಬ್ಬೆಟ್ಟೇ ಸಹಿ ಎಂದು 82,000 ಡಾಲರಿಗೂ ಮೇಲ್ಪಟ್ಟು ಪರಿಹಾರ ಕೊಡಿಸಿತು. ಮೇಲ್ಮನವಿಯಲ್ಲೂ ಅದೇ ನಿಂತಿತು. ನಮ್ಮ ತಾತಂದಿರು ಓದು ಬಾರದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡರು. ನಾವು ಡಿಗ್ರಿ ಓದಿ, ಮೆಟ್ರೋದಲ್ಲಿ ನೇತಾಡುತ್ತಾ ದಿನಕ್ಕೆ ಹತ್ತಾರು ಹೆಬ್ಬೆಟ್ಟು ಒತ್ತುತ್ತೇವೆ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ‘ಎಲ್ಲರೂ ತಲಾ ಐದು ಸಾವಿರ ಕೊಡೋಣವೇ’ ಎಂಬುದರ ಕೆಳಗೆ ಒತ್ತುವಾಗ ನನಗೀಗ ಕೈ ನಡುಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಮೆಸೇಜು, ವಾಯ್ಸ್ ನೋಟ್‌ಗಳನ್ನು ನಿಗದಿತ ಪ್ರಮಾಣಪತ್ರದೊಡನೆ ಕೋರ್ಟಿಗೆ ಕೊಡಬಹುದು. ಆದ್ದರಿಂದ ಭಾವನಿಗೆ ಒಂದು ಅಭ್ಯಾಸ ಮಾಡಿಸಿದ್ದೇನೆ. ಫೋನಿನಲ್ಲಿ ಮಾತು ಮುಗಿದ ಕೂಡಲೇ ‘ಅಣ್ಣಾ, ಬುಷ್ 200, ಪೀಸಿಗೆ ಎರಡು ರೂಪಾಯಿ ಜಾಸ್ತಿ, ಸೋಮವಾರ’ ಎಂದು ಒಂದು ಸಾಲು ಕಳಿಸುವುದು. ಇದರಲ್ಲಿ ಅನುಮಾನದ ಸೋಂಕಿಲ್ಲ, ನೆನಪು ಮಾಡಿದ ಹಾಗಿರುತ್ತದೆ. ಎದುರಿನವನು ಹೆಬ್ಬೆಟ್ಟು ಒತ್ತಿದರೆ ಭಾವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಇಷ್ಟೆಲ್ಲ ಇದ್ದೂ ಕಾನೂನು ಕಟ್ಟುನಿಟ್ಟಾಗಿ ಕಾಗದ ಕೇಳುವ ಇನ್ನೊಂದು ಜಾಗವಿದೆ. ಕೈಸಾಲವಾಗಲಿ, ಬಿಲ್ಲಿನ ಬಾಕಿಯಾಗಲಿ, ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಈ ಮೂರು ವರ್ಷವೂ ಬಾಕಿದಾರ ಸಿಕ್ಕಾಗಲೆಲ್ಲ ‘ನಿಮ್ಮದು ಎಲ್ಲಿ ಹೋಗುತ್ತೆ ಸಾರ್, ಉಗಾದಿಗೆ ಕೊಡ್ತೀನಿ’ ಅನ್ನುತ್ತಲೇ ಇರುತ್ತಾನೆ. ಬಾಯಲ್ಲಿ ಅವನು ಎಷ್ಟು ಸಲ ಒಪ್ಪಿದರೂ ಗಡಿಯಾರ ನಿಲ್ಲುವುದಿಲ್ಲ. ಗಡುವಿನೊಳಗೆ ಅವನು ಬಾಕಿ ಹೌದೆಂದು ಬರೆದು ಸಹಿ ಮಾಡಿದರೆ ಆ ದಿನದಿಂದ ಹೊಸ ಮೂರು ವರ್ಷ. ಗಡುವು ಮೀರಿದ ಸಾಲವನ್ನು ತೀರಿಸುತ್ತೇನೆ ಎಂಬ ಮಾತಿಗೂ ಬರಹ ಮತ್ತು ಸಹಿ ಇದ್ದರೇ ಬೆಲೆ. ನಿಮಗೆ ಯಾರಿಂದಲಾದರೂ ಬರಬೇಕಾದ ಹಣವಿದ್ದರೆ ಈ ಸಂಜೆ ತಾರೀಖು ತೆಗೆದು ನೋಡಿ. ಎರಡೂವರೆ ವರ್ಷ ದಾಟಿದ್ದರೆ ಉಗಾದಿಯವರೆಗೆ ಕಾಯಬೇಡಿ. ಕಾಫಿಗೆ ಕರೆಯಿರಿ, ಬಿಲ್ಲು ನೀವೇ ಕೊಡಿ, ಒಂದು ಸಾಲು ಬರೆಸಿಕೊಂಡು ಬನ್ನಿ.